ಕಥೆಯನ್ನು 210ನೇ ಕಂತಿನಿಂದ ಶುರುಮಾಡಬೇಡಿ: ‘ಡಾರ್ಕ್ ಶ್ಯಾಡೋಸ್’ ಹಕ್ಕುದಾರರಿಗೆ ಬಹಿರಂಗ ಪತ್ರ

‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಯ ಹಕ್ಕುದಾರರಿಗೆ,
ಅದನ್ನು ಡಿಸ್ಕ್‌ಗಳಲ್ಲೂ ಓಟಿಟಿಗಳಲ್ಲೂ ಜನರಿಗೆ ತಲುಪಿಸುತ್ತಿರುವ ಸಂಸ್ಥೆಗಳಿಗೆ

ವಿಷಯ: 1ರಿಂದ 209ರವರೆಗಿನ ಕಂತುಗಳನ್ನು ಕಥೆಯ ಆರಂಭದ ಜಾಗಕ್ಕೆ ಮರಳಿಸುವ ಕುರಿತು

ಮಾನ್ಯರೇ,

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್ 27ರಂದು ಶುರುವಾಗಿ 1971ರ ಏಪ್ರಿಲ್ 2ರಂದು ಮುಗಿದ ಈ ಧಾರಾವಾಹಿಗೆ ಒಟ್ಟು 1225 ಕಂತುಗಳಿವೆ. ಇಷ್ಟು ಹಳೆಯ ದಿನವಹಿ ಧಾರಾವಾಹಿಯೊಂದು ಬಹುತೇಕ ಪೂರ್ತಿಯಾಗಿ ಉಳಿದಿರುವುದೇ ಅಪರೂಪ. ಆ ಕಾಲದಲ್ಲಿ ಹಗಲು ಹೊತ್ತಿನ ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದು ಮಾಮೂಲಾಗಿತ್ತು. ಉಳಿಸಿಕೊಟ್ಟವರಿಗೆ ನಾವು ಋಣಿಗಳು. ಆದರೆ ಉಳಿದದ್ದನ್ನು ನೀವು ಜನರ ಮುಂದೆ ಇಡುತ್ತಿರುವ ಕ್ರಮದ ಬಗ್ಗೆ ನಮಗೆ ಗಟ್ಟಿಯಾದ ತಕರಾರಿದೆ.

ಇವತ್ತು ಹೊಸದಾಗಿ ನೋಡಲು ಕೂತವರಿಗೆ ಹಲವು ಕಡೆ ‘ಸೀಸನ್ 1, ಕಂತು 1’ ಎಂದು ಎದುರಾಗುವುದು ನಿಜದಲ್ಲಿ 210ನೇ ಕಂತು. ಅದಕ್ಕೂ ಹಿಂದಿನವು ‘ದಿ ಬಿಗಿನಿಂಗ್’ ಎಂಬ ಹೆಸರಿನಡಿ ಬೇರೆಯೇ ಒಂದು ಧಾರಾವಾಹಿ ಎಂಬಂತೆ ಇನ್ನೊಂದು ಪುಟದಲ್ಲಿ ಬಿದ್ದಿರುತ್ತವೆ. ಗೊತ್ತಿದ್ದವರು ಹುಡುಕಿ ನೋಡುತ್ತಾರೆ. ಗೊತ್ತಿಲ್ಲದವರು ಸುಮಾರು 75 ಗಂಟೆಗಳ ಕಥೆಯನ್ನು, ಅದು ಇದೆ ಎಂದೇ ತಿಳಿಯದೆ, ಬಿಟ್ಟುಬಿಡುತ್ತಾರೆ.

ಇದು ನಿನ್ನೆ ಮೊನ್ನೆ ಆದ ತಪ್ಪಲ್ಲ. 1975ರಲ್ಲಿ ಅಮೆರಿಕದ ಸ್ಥಳೀಯ ಕೇಂದ್ರಗಳಿಗೆ ಮರುಪ್ರಸಾರಕ್ಕೆ ಕೊಟ್ಟಾಗಲೇ ಬಾರ್ನಬಾಸ್ ಕಾಲಿನ್ಸ್ ಎಂಬ ರಕ್ತಪಿಶಾಚಿ ಬರುವ ಘಟ್ಟದಿಂದ ಶುರುಮಾಡಿದರು. 1989ರಿಂದ ಬಂದ ವಿಎಚ್‌ಎಸ್ ಕ್ಯಾಸೆಟ್ಟುಗಳೂ 2002ರಿಂದ ಬಂದ ಡಿವಿಡಿಗಳೂ ಅದೇ ದಾರಿ ಹಿಡಿದವು. ಮೊದಲಿನ ಕಂತುಗಳಿಗೆ ಡಿವಿಡಿ ಭಾಗ್ಯ ಬಂದದ್ದು 2007ರಲ್ಲಿ, ಅದೂ ಎಲ್ಲ ಮುಗಿದ ಮೇಲಿನ ಉಪಸಂಹಾರದಂತೆ. ವ್ಯಾಪಾರದ ಲೆಕ್ಕ ನಮಗೆ ಅರ್ಥವಾಗುತ್ತದೆ. ಮೊದಲ ತಿಂಗಳುಗಳಲ್ಲಿ ವೀಕ್ಷಕರು ಕಡಿಮೆಯಿದ್ದರು, ಧಾರಾವಾಹಿ ನಿಂತೇಹೋಗುವ ಸ್ಥಿತಿಯಲ್ಲಿತ್ತು, ನಟ ಜೊನಾಥನ್ ಫ್ರಿಡ್ ಆ ರಕ್ತಪಿಶಾಚಿಯಾಗಿ ಬಂದ ಮೇಲೆ ಊರೆಲ್ಲ ಹೆಸರಾಯಿತು. ಹೆಸರು ತಂದುಕೊಟ್ಟ ಪಾತ್ರವನ್ನು ಅಂಗಡಿಯ ಮುಂದೆ ನಿಲ್ಲಿಸುವುದು ತಪ್ಪಲ್ಲ. ಅವನ ಹಿಂದಿದ್ದ ಬಾಗಿಲನ್ನೇ ಮುಚ್ಚುವುದು ತಪ್ಪು.

210ನೇ ಕಂತಿನಲ್ಲಿ ಏನಾಗುತ್ತದೆ ನೋಡಿ. ವಿಲ್ಲಿ ಲೂಮಿಸ್ ಎಂಬ ಪುಂಡ, ಕಾಲಿನ್ಸ್ ಮನೆತನದ ಒಡವೆಗಳ ಆಸೆಗೆ ಈಗಲ್ ಹಿಲ್ ಸ್ಮಶಾನದ ಸಮಾಧಿ ಮಂದಿರಕ್ಕೆ ನುಗ್ಗುತ್ತಾನೆ. ಗುಪ್ತಕೋಣೆಯಲ್ಲಿ ಸರಪಳಿ ಸುತ್ತಿದ ಶವಪೆಟ್ಟಿಗೆಯನ್ನು ತೆರೆಯುತ್ತಾನೆ. ಒಳಗಿನಿಂದ ಕೈಯೊಂದು ಬಂದು ಅವನ ಕತ್ತು ಹಿಡಿಯುತ್ತದೆ. ದೃಶ್ಯ ಚೆನ್ನಾಗಿದೆ, ಒಪ್ಪಿದೆವು. ಆದರೆ ಈ ವಿಲ್ಲಿ ಯಾರು? ಕಾಲಿನ್‌ವುಡ್‌ನಂಥ ದೊಡ್ಡ ಮನೆಯಲ್ಲಿ ಇಂಥವನಿಗೆ ಜಾಗ ಕೊಟ್ಟವರು ಯಾರು? ಯಜಮಾನಿ ಎಲಿಜಬೆತ್ ಅವನನ್ನು ಯಾಕೆ ಹೊರಗಟ್ಟಲಿಲ್ಲ? ಒಡವೆಯ ವಿಷಯ ಅವನ ತಲೆಗೆ ಹೇಗೆ ಹೊಕ್ಕಿತು? ಹಜಾರದಲ್ಲಿ ಬಾರ್ನಬಾಸ್‌ನ ಚಿತ್ರಪಟದ ಎದುರು ನಿಂತಾಗ ಅವನಿಗೆ ಎದೆಬಡಿತ ಕೇಳಿಸುವ ಪ್ರಸಂಗವೂ ಇದಕ್ಕೆ ಮೊದಲೇ ಬಂದುಹೋಗಿದೆ. ಅಂದರೆ ನೀವು ಯಾವ ಪಾತ್ರಕ್ಕಾಗಿ 210ರಿಂದ ಶುರುಮಾಡಿದಿರೋ, ಆ ಪಾತ್ರದ ಪ್ರವೇಶವನ್ನೇ ನಡುವೆ ಕತ್ತರಿಸಿದ್ದೀರಿ.

ಇದಕ್ಕಿಂತ ದೊಡ್ಡ ಗಾಯ ನೆಲಮಾಳಿಗೆಯ ಕೋಣೆಯದು. ಮೇನ್ ರಾಜ್ಯದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಮೀನುಗಾರಿಕೆ ಊರು, ಅದರ ಮೇಲಿನ ಗುಡ್ಡದಲ್ಲಿ ಕಾಲಿನ್‌ವುಡ್. ಎಲಿಜಬೆತ್ ಕಾಲಿನ್ಸ್ ಸ್ಟಾಡರ್ಡ್ ಹದಿನೆಂಟು ವರ್ಷಗಳಿಂದ ಆ ಮನೆಯ ಎಲ್ಲೆ ದಾಟಿಲ್ಲ. ಗಂಡ ಪಾಲ್ ಕಾಣೆಯಾದದ್ದೂ ಹದಿನೆಂಟು ವರ್ಷದ ಹಿಂದೆ. ಆಗಲೇ ಆಳುಗಳನ್ನೆಲ್ಲ ಕೆಲಸದಿಂದ ತೆಗೆದು ಮ್ಯಾಥ್ಯೂ ಮಾರ್ಗನ್ ಎಂಬ ಒಬ್ಬನನ್ನು ಮಾತ್ರ ಇಟ್ಟುಕೊಂಡಿದ್ದಳು. ನೆಲಮಾಳಿಗೆಯಲ್ಲಿ ಬೀಗ ಹಾಕಿದ ಕೋಣೆಯೊಂದಿದೆ. ಎಲಿಜಬೆತ್‌ಳ ತಮ್ಮ ರೋಜರ್‌ನ ಮಗ ಡೇವಿಡ್‌ಗೆ ಪಾಠ ಹೇಳಲು ಬಂದ ವಿಕ್ಟೋರಿಯಾ ವಿಂಟರ್ಸ್ ಮೊದಲ ದಿನಗಳಲ್ಲೇ ಅತ್ತ ಸುಳಿದು ಬೈಸಿಕೊಳ್ಳುತ್ತಾಳೆ. ಇಷ್ಟನ್ನೇ ವೀಕ್ಷಕರ ಕೈಗೆ ಕೊಟ್ಟು ಕಥೆಗಾರರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. 190ರ ಆಸುಪಾಸಿನ ಕಂತುಗಳಲ್ಲಿ ಪಾಲ್‌ನ ಹಳೆಯ ಗೆಳೆಯ ಜೇಸನ್ ಮೆಕ್‌ಗ್ವೈರ್ ಬಂದಿಳಿದ ಮೇಲೆ ಗಂಟು ಬಿಗಿಯಲು ಶುರು. ಮೊದಲು ಉಳಿಯಲು ಒಂದು ಕೋಣೆ, ಆಮೇಲೆ ದುಡ್ಡು, ಆಮೇಲೆ ಗೆಳೆಯ ವಿಲ್ಲಿಗೂ ಜಾಗ, ಕೊನೆಗೆ ಮದುವೆಯೇ ಆಗಬೇಕೆಂಬ ಒತ್ತಾಯ. ಬ್ಲ್ಯಾಕ್‌ಮೇಲ್ ಮಾಡುವವನ ಬೇಡಿಕೆ ಒಂದೊಂದೇ ಮೆಟ್ಟಿಲು ಏರುವುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಧಾರಾವಾಹಿಗಳು ಕಡಿಮೆ.

ಈ ದಾರ ಬಿಚ್ಚಿಕೊಳ್ಳುವುದು 270ರ ಆಸುಪಾಸಿನಲ್ಲಿ. ಮದುವೆಯ ಶಾಸ್ತ್ರ ನಡೆಯುತ್ತಿರುವಾಗಲೇ ಎಲಿಜಬೆತ್ ತಾನು ಗಂಡನನ್ನು ಕೊಂದೆನೆಂದೂ, ಹೆಣ ಹೂಳಲು ಜೇಸನ್ ನೆರವಾದನೆಂದೂ ಎಲ್ಲರೆದುರು ಹೇಳಿಬಿಡುತ್ತಾಳೆ. ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯಿಂದ ಹೊಡೆದದ್ದು ನಿಜ. ಆದರೆ ನೆಲ ಅಗೆದು ಟ್ರಂಕು ತೆಗೆದರೆ ಒಳಗೆ ಹೆಣವೇ ಇಲ್ಲ. ಪಾಲ್ ಸತ್ತಿರಲಿಲ್ಲ, ಹದಿನೆಂಟು ವರ್ಷ ಆಕೆ ಖಾಲಿ ಟ್ರಂಕಿಗೆ ಕಾವಲು ಕೂತಿದ್ದಳು. 210ರಿಂದ ನೋಡಿದವರಿಗೆ ಈ ಖಾಲಿ ಟ್ರಂಕು ಹತ್ತಾರು ಕಂತುಗಳ ನಂತರ ಬಂದ ಒಂದು ತಿರುವು ಮಾತ್ರ. ಮೊದಲಿನಿಂದ ನೋಡಿದವರಿಗೆ ಅದು ವರ್ಷಕ್ಕೂ ಮೇಲ್ಪಟ್ಟ ಕಾಯುವಿಕೆಗೆ ಸಿಕ್ಕ ಉತ್ತರ. ಎಲಿಜಬೆತ್ ಆಗಿ ನಟಿಸಿದ ಜೋನ್ ಬೆನೆಟ್ ಅಷ್ಟು ದಿನ ನೆಲಮಾಳಿಗೆಯ ಬಾಗಿಲ ಕಡೆ ಯಾಕೆ ಹಾಗೆ ನೋಡುತ್ತಿದ್ದರು ಎಂಬುದು ಆಗಲೇ ಹೊಳೆಯುವುದು. ಇನ್ನೊಂದು ಸಂಗತಿ: 1969ರಲ್ಲಿ ಪಾಲ್ ಜೀವಂತವಾಗಿ ಮರಳಿ ಬಂದಾಗ ಆ ಪಾತ್ರ ಮಾಡಿದ್ದು, ಜೇಸನ್ ಆಗಿದ್ದ ಡೆನಿಸ್ ಪ್ಯಾಟ್ರಿಕ್ ಅವರೇ. ಹಳೆಯದು ನೆನಪಿದ್ದವರಿಗೆ ಮಾತ್ರ ಆ ಮುಖ ತರುವ ಕಸಿವಿಸಿ ತಾಗುತ್ತದೆ.

ಸಂಶಯ ಎಂಬುದು ಈ ಕಂತುಗಳಲ್ಲಿ ಎಷ್ಟು ಕುಶಲವಾಗಿ ಕಟ್ಟಿದ ಸಾಮಾನು ಎಂದು ತೋರಿಸಲು ಒಂದು ಸ್ಕ್ರೂ ಸಾಕು. ರೋಜರ್ ಕಾಲಿನ್ಸ್ ಗುಡ್ಡ ಇಳಿಯುವಾಗ ಕಾರಿನ ಬ್ರೇಕ್ ಹಿಡಿಯುವುದಿಲ್ಲ, ಅಪಘಾತವಾಗುತ್ತದೆ. ನೋಡಿದರೆ ಬ್ರೇಕಿನ ಬ್ಲೀಡರ್ ವಾಲ್ವ್ ಇಲ್ಲ. ಗ್ಯಾರೇಜಿನ ಪರಿಚಯವಿದ್ದವರಿಗೆ ಗೊತ್ತು: ಬ್ರೇಕ್ ಲೈನಿನಲ್ಲಿ ಸೇರಿದ ಗಾಳಿ ಹೊರಹಾಕಲು ಚಕ್ರದ ಸಿಲಿಂಡರಿಗೆ ಕೂರಿಸಿರುವ ಬೆರಳಿನಷ್ಟೂ ಇರದ ಸ್ಕ್ರೂ ಅದು. ಅದನ್ನು ಪೂರ್ತಿ ಬಿಚ್ಚಿ ತೆಗೆದರೆ ಪೆಡಲ್ ಒತ್ತಿದಾಗಲೆಲ್ಲ ಬ್ರೇಕ್ ಆಯಿಲ್ ಆ ತೂತಿನಿಂದ ಚಿಮ್ಮಿಹೋಗುತ್ತದೆ. ಒಂದೆರಡು ಸಲ ಹಿಡಿದಂತೆ ಅನಿಸಿ, ಆಮೇಲೆ ಪೆಡಲ್ ನೆಲ ಮುಟ್ಟುತ್ತದೆ. ಆಗಿನ ಬಹಳಷ್ಟು ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಲೈನು. ಒಂದು ಕಡೆ ಸೋರಿದರೆ ಯಾವ ಚಕ್ರದಲ್ಲೂ ಬ್ರೇಕ್ ಉಳಿಯದು. ಮನೆಯಂಗಳದಲ್ಲಿ ಸರಿಯಿದ್ದ ಕಾರು ಇಳಿಜಾರಿನಲ್ಲಿ ಕೈಕೊಡುವುದು ಇದಕ್ಕೇ.

ಇದನ್ನು ತೆಗೆದವರು ಯಾರು? ಸೇಡು ತೀರಿಸಲು ಊರಿಗೆ ಮರಳಿದ ಬರ್ಕ್ ಡೆವ್ಲಿನ್ ಕಾಲಿನ್‌ವುಡ್‌ನ ಗ್ಯಾರೇಜಿನಲ್ಲಿ, ಅದೇ ಕಾರಿನ ಪಕ್ಕದಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತದ್ದನ್ನು ವಿಕ್ಟೋರಿಯಾ ಕಣ್ಣಾರೆ ಕಂಡಿದ್ದಾಳೆ. ಅವನ ಮೇಲೆ ಸಂಶಯ ಬೀಳಲು ಇದಕ್ಕಿಂತ ಏನು ಬೇಕು? ಆದರೆ ವಾಲ್ವ್ ಸಿಗುವುದು ರೋಜರ್‌ನ ಮಗ, ಒಂಬತ್ತು ವರ್ಷದ ಡೇವಿಡ್‌ನ ಕೋಣೆಯಲ್ಲಿ. ಹುಡುಗ ಸಿಕ್ಕಿಬೀಳುವ ಭಯದಿಂದ ಅದನ್ನು ಒಯ್ದು ಹೋಟೆಲಿನ ಬರ್ಕ್‌ನ ಕೋಣೆಯಲ್ಲೇ ಬಚ್ಚಿಡಲು ನೋಡುತ್ತಾನೆ. ಭೂತವಿಲ್ಲ, ಪಿಶಾಚಿಯಿಲ್ಲ. ಮಗ ತಂದೆಯನ್ನು ಕೊಲ್ಲಲು ಹೊರಟಿದ್ದ ಎಂಬ ಮಾತನ್ನು ಆ ಮನೆ ಬಾಯಿಬಿಟ್ಟು ಹೇಳಲಾರದೆ ನುಂಗಿಕೊಳ್ಳುತ್ತದಲ್ಲ, ಈ ಧಾರಾವಾಹಿಯ ಅತ್ಯಂತ ಭಯಂಕರ ಕಂತುಗಳಲ್ಲಿ ಇವೂ ಸೇರುತ್ತವೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಡೇವಿಡ್ ಹೆನೆಸಿ ಎಂಬ ಬಾಲನಟನ ಕೆಲಸವನ್ನು ಕಂಡೇ ಇರದ ಅಭಿಮಾನಿಗಳು ಎಷ್ಟಿದ್ದಾರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಬರ್ಕ್‌ನ ಸೇಡಿಗೂ ಒಂದು ಗುಟ್ಟೇ ಬೇರು. ಹತ್ತು ವರ್ಷದ ಹಿಂದೆ ಕಾರು ಗುದ್ದಿ ಒಬ್ಬ ಸತ್ತ. ಜೈಲಿಗೆ ಹೋದವನು ಬರ್ಕ್. ಕಾರು ಓಡಿಸುತ್ತಿದ್ದವನು ರೋಜರ್. ಕಂಡಿದ್ದ ಕಲಾವಿದ ಸ್ಯಾಮ್ ಇವಾನ್ಸ್‌ನ ಬಾಯಿ ಮುಚ್ಚಿಸಲು ರೋಜರ್ 15,000 ಡಾಲರ್ ಕೊಟ್ಟು ಅವನ ಚಿತ್ರಗಳನ್ನು ಕೊಂಡ. ಲಂಚಕ್ಕೆ ರಸೀದಿ ಇರುವುದಿಲ್ಲ, ಚಿತ್ರ ಕೊಂಡರೆ ಇರುತ್ತದೆ. ಸ್ಯಾಮ್ ಕುಡಿತಕ್ಕೆ ಬೀಳುತ್ತಾನೆ, ನಿಜವನ್ನು ಕಾಗದದಲ್ಲಿ ಬರೆದು ಲಕೋಟೆ ಅಂಟಿಸಿ, ತಾನು ಸತ್ತರೆ ಮಾತ್ರ ತೆರೆಯಬೇಕೆಂದು ಮಗಳು ಮ್ಯಾಗಿಯ ಕೈಗೆ ಕೊಡುತ್ತಾನೆ. ಇದನ್ನೆಲ್ಲ ಹೊರಗೆಳೆಯಲು ಹೊರಟ, ಕಾಲಿನ್ಸ್ ಮನೆತನದ ಮೀನುಗಾರಿಕೆ ನೋಡಿಕೊಳ್ಳುತ್ತಿದ್ದ ಬಿಲ್ ಮಲಾಯ್ ಸಮುದ್ರದಲ್ಲಿ ಹೆಣವಾಗುತ್ತಾನೆ. ಬರ್ಕ್‌ನ ಬೆಳ್ಳಿ ಕುಸುರಿಯ ಪೆನ್ನೊಂದು ಕಡಲತೀರದಲ್ಲಿ ವಿಕ್ಟೋರಿಯಾಗೆ ಸಿಕ್ಕಿದಾಗ ರೋಜರ್ ಅದನ್ನು ಕದ್ದು ಹೂಳುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಇದು: ಹಳೆಯ ತಪ್ಪು ಮುಚ್ಚಲು ಪೆನ್ನು ಹೂಳಿದವನ ಮೇಲೆ ತಾನು ಮಾಡದ ಕೊಲೆಯ ಸಂಶಯವೂ ಬಂದು ಕೂರುತ್ತದೆ. ಮಲಾಯ್‌ನ ಸಾವಿಗೆ ಕಾರಣ ಮನೆಯ ಆಳು ಮ್ಯಾಥ್ಯೂ. ಯಜಮಾನಿಯ ನೆಮ್ಮದಿ ಕಾಯಲೆಂದೇ ಅವನು ಅಷ್ಟು ಮಾಡಿದ್ದ.

ಈಗ ನಮ್ಮ ವಾದದ ನಡುಮನೆಗೆ ಬರುತ್ತೇವೆ. 1967ರ ಏಪ್ರಿಲ್ 18ರಂದು ಪ್ರಸಾರವಾದ 211ನೇ ಕಂತಿನಲ್ಲಿ ಬಾರ್ನಬಾಸ್ ಕಾಲಿನ್‌ವುಡ್‌ನ ಬಾಗಿಲು ತಟ್ಟಿ ತಾನು ಇಂಗ್ಲೆಂಡಿನಿಂದ ಬಂದ ನೆಂಟ ಎನ್ನುತ್ತಾನೆ. ಯಾರೂ ಒಂದು ಕಾಗದ ಕೇಳುವುದಿಲ್ಲ, ಹಗಲು ಯಾಕೆ ಕಾಣಿಸುವುದಿಲ್ಲ ಎನ್ನುವುದಿಲ್ಲ. ಪಾಳುಬಿದ್ದ ಹಳೆ ಮನೆಯನ್ನೂ ಅವನಿಗೆ ಬಿಟ್ಟುಕೊಡುತ್ತಾರೆ. ಅಲ್ಲಿಂದ ನೋಡಲು ಶುರುಮಾಡಿದವರು ಕಥೆಗಾರರು ಎಡವಿದ್ದಾರೆ ಎನ್ನುತ್ತಾರೆ, ‘ಇವರೆಲ್ಲ ಇಷ್ಟು ದಡ್ಡರೇ?’ ಎಂದು ಕೇಳುತ್ತಾರೆ. ದಡ್ಡರಲ್ಲ. ಎಲಿಜಬೆತ್‌ಗೆ ನೆಲಮಾಳಿಗೆಯಿದೆ, ರೋಜರ್‌ಗೆ ಹಳೆಯ ಅಪಘಾತವಿದೆ, ಡೇವಿಡ್‌ಗೆ ವಾಲ್ವ್ ಇದೆ, ಬೆಂಕಿಯಲ್ಲಿ ಸುಟ್ಟುಹೋದ ತಾಯಿ ಲಾರಾ ಇದ್ದಾಳೆ. ಈ ಮನೆಯಲ್ಲಿ ಬೇರೆಯವರನ್ನು ಪ್ರಶ್ನೆ ಕೇಳುವುದೆಂದರೆ ತನ್ನನ್ನೂ ಕೇಳಲು ಬಿಟ್ಟಂತೆ. ಅದಕ್ಕೇ ಕೇಳದಿರುವುದು ಅಲ್ಲಿನ ರೂಢಿ. ಬಾರ್ನಬಾಸ್ ಹೊಕ್ಕದ್ದು ಆ ರೂಢಿಯ ಸಂದಿನಿಂದ. ಆ ರೂಢಿ ಬೆಳೆದದ್ದು ಮೊದಲ 209 ಕಂತುಗಳಲ್ಲಿ. ಅವನ್ನು ಕಿತ್ತು ಬದಿಗಿಟ್ಟರೆ ಉಳಿದ ಸಾವಿರ ಕಂತುಗಳ ಜನ ಕಾರಣವಿಲ್ಲದೆ ಮೂಕರಾಗುತ್ತಾರೆ.

ಅತೀಂದ್ರಿಯವೂ ಬಾರ್ನಬಾಸ್‌ನಿಂದಲೇ ಬಂತು ಎಂಬ ಪ್ರಚಾರ ಪೂರ್ತಿ ನಿಜವಲ್ಲ. 70ನೇ ಕಂತಿನಲ್ಲೇ ಹಿಂದಿನ ಕಾಲದ ಕಾಲಿನ್ಸ್ ಮನೆತನದ ಹೆಣ್ಣು ಜೋಸೆಟ್‌ಳ ಭೂತ ಚಿತ್ರಪಟದಿಂದ ಇಳಿದು ಬರುತ್ತದೆ. ಲಾರಾಳ ಕಥೆ ಫೀನಿಕ್ಸಿನದು. ಬೆಂಕಿಯಿಂದ ಮತ್ತೆ ಮತ್ತೆ ಹುಟ್ಟುವ ತಾಯಿ ಮಗನನ್ನೂ ಬೆಂಕಿಗೆ ಕರೆಯುತ್ತಾಳೆ.

ನಿಧಾನ ಎಂಬ ಆಕ್ಷೇಪ ಬರುತ್ತದೆ. ನಿಜ, ನಿಧಾನವೇ. ಪೆನ್ನಿನ ಪ್ರಸಂಗ ಅಗತ್ಯಕ್ಕಿಂತ ಬಹಳ ಎಳೆದಿದೆ, ಅದನ್ನು ನಾವೂ ಹೇಳುತ್ತೇವೆ. ವಾರಕ್ಕೆ ಐದು ದಿನ, ಜಾಹೀರಾತು ಬಿಟ್ಟರೆ ಸುಮಾರು 22 ನಿಮಿಷ, ನಿನ್ನೆ ತಪ್ಪಿಸಿಕೊಂಡವರಿಗಾಗಿ ಇವತ್ತು ಮತ್ತೆ ಅದೇ ಮಾತು: ದಿನವಹಿ ಧಾರಾವಾಹಿಯ ಕಟ್ಟೇ ಹಾಗೆ. ಕನ್ನಡದ ಮನೆಗಳಲ್ಲಿ ಸಂಜೆಯ ಧಾರಾವಾಹಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕೂತಲ್ಲಿ ಹತ್ತು ಕಂತು ನೋಡಿದರೆ ಬೇಸರ ಬರುತ್ತದೆ, ದಿನಕ್ಕೆ ಎರಡರಂತೆ ನೋಡಿದರೆ ಹಿಡಿಯುತ್ತದೆ. ಬೇಸರವಾದೀತೆಂದು ಕಂತುಗಳನ್ನು ಬೇರೆಡೆಗೆ ಸಾಗಿಸುವ ಬದಲು ಆ ಮಾತನ್ನೇ ಪರಿಚಯದಲ್ಲಿ ಬರೆಯಿರಿ.

ಸಂಖ್ಯೆಯ ಗೊಂದಲವನ್ನೂ ಸರಿಪಡಿಸಬೇಕು. ಕೊನೆಯ ಕಂತಿನ ಸಂಖ್ಯೆ 1245, ನಿಜವಾದ ಕಂತುಗಳು 1225. ಬೇರೆ ಕಾರ್ಯಕ್ರಮದಿಂದಾಗಿ ಪ್ರಸಾರ ತಪ್ಪಿದಾಗ ನಿರ್ಮಾಪಕರು ಆ ದಿನದ ಸಂಖ್ಯೆಯನ್ನು ಹಾರಿಸಿ ಮುಂದೆ ಹೋಗುತ್ತಿದ್ದರು, ಶುಕ್ರವಾರದ ಕಂತು 5ರಲ್ಲೋ 0ಯಲ್ಲೋ ಮುಗಿಯುವಂತೆ ಲೆಕ್ಕ ಇಡಲು. ಈಗ 210 ಅನ್ನು 1 ಎಂದು ಹೆಸರಿಸಿ ಎಣಿಸತೊಡಗಿದರೆ ಯಾವ ಪುಸ್ತಕದ, ಯಾವ ಪಟ್ಟಿಯ ಸಂಖ್ಯೆಯೂ ನಿಮ್ಮ ಪುಟಕ್ಕೆ ಹೊಂದುವುದಿಲ್ಲ. ಕಂತಿನ ಶೀರ್ಷಿಕೆಯಲ್ಲಿ ಮೂಲ ಸಂಖ್ಯೆ ಮತ್ತು ಮೊದಲು ಪ್ರಸಾರವಾದ ದಿನಾಂಕ ಎರಡನ್ನೂ ಹಾಕಿ. ಹಾರಿಸಿದ ಸಂಖ್ಯೆ ಕಂಡಲ್ಲಿ ‘ಈ ಸಂಖ್ಯೆಯ ಕಂತು ಇಲ್ಲ’ ಎಂದು ಒಂದು ಸಾಲು ಸಾಕು; ಇಲ್ಲದಿದ್ದರೆ ಕಂತು ಕಳೆದಿದೆ ಎಂದು ಜನ ಹುಡುಕುತ್ತಾ ಕೂರುತ್ತಾರೆ. ನಿಜವಾಗಿ ಕಳೆದಿರುವುದು 1219 ಒಂದೇ. ಮನೆಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಧ್ವನಿಗೆ ಸ್ಥಿರಚಿತ್ರ ಜೋಡಿಸಿ ಅದನ್ನು ಮತ್ತೆ ಕಟ್ಟಲಾಗಿದೆ. ಆ ಕಂತಿನ ಮೊದಲಿಗೇ ಅದನ್ನು ಹೇಳಿಬಿಡಿ. 295ನೇ ಕಂತಿನಿಂದ, ಅಂದರೆ 1967ರ ಆಗಸ್ಟ್ 11ರಿಂದ, ಬಣ್ಣ ಬಂದಿದೆ. ಆಮೇಲೂ ಅಲ್ಲಲ್ಲಿ ಕಪ್ಪು ಬಿಳುಪು ಕಂತು ಬರುವುದು ಮೂಲ ಟೇಪು ಸಿಗದೆ, ಟೀವಿ ಪರದೆಯಿಂದ ಫಿಲ್ಮಿಗೆ ಇಳಿಸಿಕೊಂಡ ಪ್ರತಿ ಬಳಸಿದ್ದರಿಂದ. ಇದು ಗೊತ್ತಿಲ್ಲದ ವೀಕ್ಷಕರು ತಮ್ಮ ಟೀವಿಯೇ ಕೆಟ್ಟಿತೆಂದು ಸೆಟ್ಟಿಂಗ್ ತಿರುವುತ್ತಾರೆ.

ಚಿತ್ರವನ್ನು ತೊಳೆಯುವ ಭರದಲ್ಲಿ ತಪ್ಪುಗಳನ್ನು ಅಳಿಸಬೇಡಿ. ಆಗ ಟೇಪು ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ ನಾಟಕದಂತೆ ಒಂದೇ ಓಟದಲ್ಲಿ ಚಿತ್ರಿಸುತ್ತಿದ್ದರು. ಮೈಕಿನ ನೆರಳು, ಮರೆತ ಸಾಲು, ಅಲುಗುವ ಗೋಡೆ ಎಲ್ಲ ಉಳಿದುಕೊಂಡವು. ಸಬ್‌ಟೈಟಲ್ ಬರೆಯುವವರೂ ನಟರ ಬಾಯಿಂದ ಬಂದದ್ದನ್ನೇ ಬರೆಯಬೇಕು, ಅವರು ಹೇಳಬೇಕಿದ್ದದ್ದನ್ನಲ್ಲ. ಸಂಶಯದ ಕಥೆಯಲ್ಲಿ ಒಂದು ತಡವರಿಕೆಗೂ ಅರ್ಥ ಬರುತ್ತದೆ. ಯಂತ್ರ ಬರೆದ ಸಬ್‌ಟೈಟಲ್ ಹಾಗೇ ಬಿಡುವುದಾದರೆ ಕನಿಷ್ಠ ಪಾತ್ರಗಳ, ಊರಿನ, ವಸ್ತುಗಳ ಹೆಸರಿನ ಪಟ್ಟಿಯೊಂದನ್ನು ಮೊದಲೇ ಮಾಡಿಕೊಂಡು ತಿದ್ದಿಸಿ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ, ಆದರೆ 1960ರ ದಶಕದ ಅಮೆರಿಕನ್ ಉಚ್ಚಾರಣೆಯನ್ನು ಕಿವಿಯಲ್ಲಿ ಹಿಡಿಯಲಾರದ ನಮ್ಮಂಥ ಕನ್ನಡ ವೀಕ್ಷಕರಿಗೆ ಆ ಅಕ್ಷರಗಳೇ ಆಸರೆ. ಪೆನ್ನು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬಲ್ಲಿ ಒಂದು ಹೆಸರು ತಪ್ಪಿದರೂ ಇಡೀ ವಾರ ತಪ್ಪುತ್ತದೆ.

ವಿಕ್ಟೋರಿಯಾಳ ವಿಷಯದಲ್ಲಿ ವೀಕ್ಷಕರಿಗೆ ಮೊದಲೇ ಪ್ರಾಮಾಣಿಕವಾಗಿ ಹೇಳಿ. ಅನಾಥಾಶ್ರಮದಲ್ಲಿ ಬೆಳೆದವಳು, ತನ್ನ ತಂದೆತಾಯಿ ಯಾರೆಂಬ ಉತ್ತರ ಕಾಲಿನ್‌ವುಡ್‌ನಲ್ಲಿದೆ ಎಂದು ನಂಬಿ ರೈಲು ಹತ್ತಿದವಳು. ಮೊದಲ ಕಂತೇ ಅಲ್ಲಿಂದ ಶುರು. ಅದೇ ರೈಲಿನಲ್ಲಿ ಬರ್ಕ್ ಕೂಡ ಇದ್ದಾನೆ. ಆದರೆ ಆ ಪಾತ್ರ ಮಾಡುತ್ತಿದ್ದ ಅಲೆಕ್ಸಾಂಡ್ರಾ ಮೋಲ್ಟ್ಕೆ 1968ರಲ್ಲಿ ಬಿಟ್ಟುಹೋದರು, ಬೇರೆ ನಟಿಯರು ಬಂದು ಹೋದರು, ಪಾತ್ರವೂ ಮರೆಯಾಯಿತು. ಉತ್ತರ ಧಾರಾವಾಹಿಯಲ್ಲಿ ಕೊನೆಗೂ ಬರಲಿಲ್ಲ. ‘ಆಕೆಯ ಜನ್ಮರಹಸ್ಯ ಬಯಲಾಗುವುದೇ?’ ಎಂಬಂಥ ಆಸೆಯ ಸಾಲನ್ನು ಕಂತಿನ ಪರಿಚಯದಲ್ಲಿ ಹಾಕುವುದು ವೀಕ್ಷಕರಿಗೆ ಮಾಡುವ ಮೋಸ. ಪರಿಚಯ ಬರೆಯುವಾಗ ಇನ್ನೊಂದು ಎಚ್ಚರ: ಟ್ರಂಕು ಖಾಲಿ, ವಾಲ್ವ್ ಹುಡುಗನದು, ಮ್ಯಾಥ್ಯೂನೇ ಕೊಂದವನು ಎಂಬುದನ್ನು ಎರಡು ಸಾಲಿನ ಸಾರಾಂಶದಲ್ಲೇ ಬಿಟ್ಟುಕೊಡಬೇಡಿ. ಈ ಪತ್ರದಲ್ಲಿ ನಾವು ಹೇಳಬೇಕಾಯಿತು, ವಾದಕ್ಕೆ ಬೇರೆ ದಾರಿಯಿರಲಿಲ್ಲ. ಕಂತಿನ ಕೆಳಗೆ ನೀವು ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ಎರಡು ಪುಟಗಳನ್ನು ಒಂದು ಮಾಡಿ, 1ನೇ ಕಂತನ್ನು ಮೊದಲ ಕಂತಾಗಿ ಇಡಿ. ಬಾರ್ನಬಾಸ್‌ನನ್ನೇ ನೋಡಲು ಬಂದವರಿಗೆ ಮುಖಪುಟದಲ್ಲಿ 210ಕ್ಕೆ ನೇರ ಕೊಂಡಿ ಬೇಕಿದ್ದರೆ ಕೊಡಿ, ಆದರೆ ಅದರ ಜೊತೆ 192ರಿಂದ ನೋಡಿದರೆ ಜೇಸನ್‌ನ ಎಳೆ ಪೂರ್ತಿ ಸಿಗುತ್ತದೆ ಎಂಬ ಸೂಚನೆಯೂ ಇರಲಿ. ಎಲ್ಲ ಕಂತುಗಳ ಹಕ್ಕು ಕೊಳ್ಳಲಾಗದ ಸಂಸ್ಥೆಯವರು ‘ಮೊದಲ ಕಂತುಗಳು ನಮ್ಮಲ್ಲಿಲ್ಲ’ ಎಂದು ಪುಟದ ಮೇಲೆ ಬರೆಯಲಿ. 210 ಅನ್ನು 1 ಎಂದು ಕರೆಯುವುದು ಬೇಡ. ಹಕ್ಕುದಾರರು ಇನ್ನು ಮುಂದೆ ಕಂತುಗಳನ್ನು ಮಾರುವಾಗ ಮೊದಲ 209ನ್ನು ಬೇರೆ ಕಟ್ಟಾಗಿ ಮಾರದೆ ಒಂದೇ ಒಪ್ಪಂದದಲ್ಲಿ ಸೇರಿಸಲಿ. ಮುಂದೆ ಯಾರಾದರೂ ಈ ಕಥೆಯನ್ನು ಹೊಸದಾಗಿ ಮಾಡುವುದಾದರೆ, 1991ರ ಮರುನಿರ್ಮಾಣ ಮಾಡಿದಂತೆ ವಿಕ್ಟೋರಿಯಾ ಊರಿಗೆ ಬಂದ ಕಂತಿನಲ್ಲೇ ಶವಪೆಟ್ಟಿಗೆಯನ್ನೂ ತೆರೆಯದೆ, ಮನೆಯವರು ಒಬ್ಬರನ್ನೊಬ್ಬರು ಸಂಶಯಿಸಲು ಕೆಲವು ಕಂತುಗಳ ಜಾಗವನ್ನಾದರೂ ಬಿಡುವಂತೆ ಅವರಿಗೆ ಹೇಳಿ.

ಇವುಗಳಲ್ಲಿ ಪುಟ ಒಂದುಗೂಡಿಸುವ, ಸಂಖ್ಯೆ ತಿದ್ದುವ ಕೆಲಸಕ್ಕೆ ಹೊಸ ಟೇಪು ಬೇಡ, ಹೊಸ ಹಕ್ಕೂ ಬೇಡ. ಅದನ್ನಾದರೂ ಮೊದಲು ಮಾಡಿ, ಮಾಡಿದ್ದನ್ನು ನಿಮ್ಮ ಪುಟದಲ್ಲೇ ಪ್ರಕಟಿಸಿ ಎಂದು ವಿನಂತಿಸುತ್ತೇವೆ.

ಇಂತಿ,
ಈ ಧಾರಾವಾಹಿಯ ಕನ್ನಡ ವೀಕ್ಷಕರು